ಸ್ಟೆಮ್ ಸೆಲ್ ನಂಬಿ ಇನ್ಸುಲಿನ್ ಬಿಡಬೇಡಿ

ಮಗುವಿಗೆ ಟೈಪ್-1 ಡಯಾಬಿಟಿಸ್ ಎಂದಾಗ ತಾಯಿಯ ಎದೆ ಧಸಕ್ಕೆನ್ನುವುದು ಸಹಜ. ‘ಸ್ಟೆಮ್ ಸೆಲ್ ಹಾಕಿಸಿದ್ರೆ ಪೂರ್ತಿ ಗುಣ ಆಗುತ್ತಂತೆ’ ಎಂದು ಯಾರಾದರೂ ಹೇಳಿದರೆ ಒಡವೆ ಅಡವಿಡಲೂ ಸಿದ್ಧಳಾಗುತ್ತಾಳೆ. ಗಿಣಿಗೇರಾದಿಂದ ಬೆಂಗಳೂರಿಗೆ ರೈಲು ಹತ್ತುವ ಮುನ್ನ ಇಷ್ಟು ತಿಳಿದಿರಲಿ.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಸ್ಟೆಮ್ ಸೆಲ್, ಅಂದರೆ ಆಕರಕೋಶಗಳಿಂದ ಅಂಥ ಕೋಶ ಬೆಳೆಸಿ ದೇಹಕ್ಕೆ ಸೇರಿಸುವುದೇ ಹೊಸ ಚಿಕಿತ್ಸೆ. ಅಮೆರಿಕದ ವರ್ಟೆಕ್ಸ್ ಕಂಪನಿಯ ಪ್ರಯೋಗದ ಫಲ 2025ರಲ್ಲಿ ಪ್ರಕಟವಾಯಿತು. ಪೂರ್ಣ ಡೋಸ್ ಪಡೆದ 12 ವಯಸ್ಕರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬಿಡುವಂತಿಲ್ಲ. ಸೋಂಕಿನ ಭಯ ಇದ್ದೇ ಇರುತ್ತದೆ.

ನಮ್ಮಲ್ಲಿ? ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಸಕ್ಕರೆ ಕಾಯಿಲೆಗೆ ಇದು ಪ್ರಯೋಗ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ನೆನಪಿಡಿ:

* ಇನ್ಸುಲಿನ್ ಒಂದು ದಿನವೂ ತಪ್ಪಬಾರದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

* ನಮ್ಮ ಕಡೆ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಕರೆಂಟ್ ಹೋದಾಗ ಒದ್ದೆ ಮಣ್ಣಿನ ಮಡಕೆಯೂ ತಂಪು ಕಾಯುತ್ತದೆ.