ತೂಕದ ಜೊತೆಗೆ ಹೊಟ್ಟೆಯನ್ನೂ ಅಳೆಯಿರಿ

"ಎರಡು ತಿಂಗಳಾಯ್ತು ಡಾಕ್ಟ್ರೇ, ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀತಿದ್ದೀನಿ. ಅನ್ನ ಅರ್ಧಕ್ಕರ್ಧ ಬಿಟ್ಟಿದ್ದೀನಿ. ತೂಕ ಮಾತ್ರ ಒಂದು ಕಿಲೋ ಇಳಿದಿದ್ರೆ ಹೇಳಿ!" ಬೊಜ್ಜು ಕರಗಿಸಲು ಹೊರಟವರು ಒಂದಲ್ಲ ಒಂದು ದಿನ ಆಡುವ ಮಾತಿದು. ಹೀಗೆ ಬೇಸರಪಟ್ಟವರಲ್ಲಿ ಎಷ್ಟೋ ಮಂದಿ ಮುಂದಿನ ವಾರದಿಂದ ನಡಿಗೆಯನ್ನೇ ನಿಲ್ಲಿಸಿಬಿಡುತ್ತಾರೆ. ಅಷ್ಟರಲ್ಲಿ ಅವರ ಹೊಟ್ಟೆ ಒಂದೆರಡು ಇಂಚು ಕರಗಿರಲೂಬಹುದು. ಅದನ್ನು ಅಳೆದು ನೋಡಿದವರು ಯಾರೂ ಇಲ್ಲ.

ತೂಕದ ಯಂತ್ರದ ಮೇಲೆ ನೀವು ನಿಂತಾಗ ಮೂಳೆ, ಮಾಂಸಖಂಡ, ಕೊಬ್ಬು, ರಕ್ತ, ಕರುಳಿನಲ್ಲಿರುವ ಆಹಾರ ಎಲ್ಲವೂ ಸೇರಿ ತೂಗುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಈ ನೀರು ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮದುವೆಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಸಮೇತ ಉಂಡು ಬಂದ ಮರುದಿನ ತೂಕ ಒಂದು ಕಿಲೋ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ತಿನ್ನಬೇಕು. ಎಂಥ ಹೋಳಿಗೆ ಊಟಕ್ಕೂ ಅಷ್ಟು ಶಕ್ತಿಯಿಲ್ಲ. ಹೆಚ್ಚಾದದ್ದು ಬಹುಪಾಲು ಉಪ್ಪು ಹಿಡಿದಿಟ್ಟ ನೀರು ಮತ್ತು ಇನ್ನೂ ಕರುಳಿನಲ್ಲಿರುವ ಊಟ. ಮುಟ್ಟಿನ ಹಿಂದಿನ ಕೆಲವು ದಿನ ಹೆಂಗಸರ ತೂಕ ಏರುವುದೂ ನೀರಿನಿಂದಲೇ.

ಇಳಿಯುವಾಗಲೂ ಇದೇ ಮೋಸ. "ಒಂದೇ ವಾರದಲ್ಲಿ 3 ಕಿಲೋ ಇಳಿಸಿ" ಎಂಬ ಜಾಹೀರಾತುಗಳ ಗುಟ್ಟು ಇಲ್ಲಿದೆ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಸ್ವಲ್ಪ ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಪಿತ್ತಜನಕಾಂಗ ಮತ್ತು ಮಾಂಸಖಂಡಗಳಲ್ಲಿ ದಾಸ್ತಾನಾಗಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಇಟ್ಟುಕೊಂಡಿರುತ್ತದೆ. ಅನ್ನ ಬಿಟ್ಟ ಮೊದಲ ದಿನಗಳಲ್ಲಿ ಈ ದಾಸ್ತಾನು ಖಾಲಿಯಾಗಿ, ಅದರ ನೀರೂ ಮೂತ್ರವಾಗಿ ಹೊರಟುಹೋಗುತ್ತದೆ. ತೂಕದ ಮುಳ್ಳು ಸರಸರನೆ ಕೆಳಗಿಳಿಯುತ್ತದೆ. ಮತ್ತೆ ಉಣ್ಣತೊಡಗಿದರೆ ಅಷ್ಟೂ ವಾಪಸ್. ಹಣ ಮಾತ್ರ ವಾಪಸಿಲ್ಲ!

ಇನ್ನು, ತೂಕ ಕಡಿಮೆಯಿದ್ದವರೆಲ್ಲ ಕ್ಷೇಮವೇ? ನಮ್ಮ ದೇಶದವರ ಮಟ್ಟಿಗೆ ಈ ಮಾತು ಬಹಳ ಮುಖ್ಯ. 2004ರಲ್ಲಿ 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳ ಫೋಟೊ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿಎಂಐ ಇಬ್ಬರದೂ 22.3. ಆದರೆ ದೇಹದಲ್ಲಿದ್ದ ಕೊಬ್ಬು? ಯುಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಕರುಳು, ಪಿತ್ತಜನಕಾಂಗಗಳ ಸುತ್ತ ಶೇಖರವಾಗುವ ಈ ಒಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ ದಾರಿ ಮಾಡಿಕೊಡುವುದು. ಅದನ್ನು ತಿಳಿಸಲು ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಮೇಲು.

ಅಳೆಯುವ ಕ್ರಮ ಸುಲಭ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಪಾದಗಳನ್ನು ಸ್ವಲ್ಪ ಅಗಲಿಸಿ ನೇರವಾಗಿ ನಿಂತುಕೊಳ್ಳಿ. ಪಕ್ಕೆಲುಬಿನ ಕೊನೆಯ ಅಂಚನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿನಿಂದ ಮುಟ್ಟಿ ಗುರುತಿಸಿ, ಎರಡರ ನಡುಮಧ್ಯೆ ಟೇಪು ಸುತ್ತಿ. ಬಟ್ಟೆಯ ಮೇಲೆ ಬೇಡ. ಟೇಪು ಸುತ್ತಲೂ ಒಂದೇ ಮಟ್ಟದಲ್ಲಿರಲಿ, ಚರ್ಮವನ್ನು ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ಓದಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸಹೋಗುವವರು ನೀವೇ. ಗಂಡಸರಲ್ಲಿ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು, ಹೆಂಗಸರಲ್ಲಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು; ಇದನ್ನು ದಾಟಿದರೆ ಎಚ್ಚರ ವಹಿಸಬೇಕು. ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಎರಡು ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸಾಕು.

"ನನ್ನ ಪ್ಯಾಂಟು ಇನ್ನೂ 34ರದೇ" ಎಂದು ಸಮಾಧಾನಪಡುವ ಗಂಡಸರು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಅದರ ಕೆಳಗೆ ಇಳಿದಿರುತ್ತದೆ, ಅಷ್ಟೆ. ಸೀರೆ, ಪಂಚೆಗಳಂತೂ ದೊಡ್ಡ ಮನಸ್ಸಿನವು. ಎಷ್ಟು ದಪ್ಪವಾದರೂ ದೂರುವುದಿಲ್ಲ. ಉಡಿದಾರ ಕಟ್ಟುವವರಿಗೆ ಮಾತ್ರ ಬಿಗಿಯಾದಾಗ ತಿಳಿಯುತ್ತದೆ.

ಟೇಪಿನ ಆಚೆಗೂ ಗುರುತುಗಳಿವೆ. ಎರಡು ತಿಂಗಳ ಹಿಂದೆ ಮಹಡಿ ಹತ್ತುವಾಗ ನಡುವೆ ನಿಂತು ಏದುಸಿರು ಬಿಡುತ್ತಿದ್ದವರು ಈಗ ಮಾತಾಡುತ್ತಲೇ ಹತ್ತುತ್ತಿದ್ದರೆ ಅದು ಲಾಭ. ಅರವತ್ತು ದಾಟಿದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಮಾಂಸಖಂಡ ಸೊರಗಿರುವ ಸಂಭವವಿದೆ. ಇಂಥವರು ಪಥ್ಯವೆಂದು ಗಂಜಿ ಕುಡಿದುಕೊಂಡೇ ಇದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಬೇಳೆ, ಕಾಳು, ಹಾಲು, ಮೊಟ್ಟೆ ಬಿಡಬಾರದು. ಕಾಲಿಗೆ ಬಲ ಕೊಡುವ ವ್ಯಾಯಾಮವೂ ಬೇಕು.

ರಕ್ತದೊತ್ತಡ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗಳೂ ನಿಮ್ಮ ಶ್ರಮದ ಫಲ ಹೇಳುತ್ತವೆ. ಬೊಜ್ಜಿರುವವರಲ್ಲಿ ಶೇಕಡ 5ರಷ್ಟು ತೂಕ ಇಳಿದರೂ, ಎಂದರೆ 80 ಕಿಲೋದವರಲ್ಲಿ 4 ಕಿಲೋ, ಇವು ಸುಧಾರಿಸುತ್ತವೆ.

ಹಾಗೆಂದು ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಶೌಚ ಮುಗಿಸಿ ತಿಂಡಿಗೆ ಮೊದಲು ನೋಡಿ. ತಿಂಗಳಿನಿಂದ ತಿಂಗಳಿಗೆ ಹೋಲಿಸಿ. ಅದು ಬೇಕಾಗುವುದು ಇನ್ನೊಂದು ಕಾರಣಕ್ಕೂ. ಪಥ್ಯವಿಲ್ಲದೆ, ವ್ಯಾಯಾಮವಿಲ್ಲದೆ ಆರು ತಿಂಗಳಲ್ಲಿ 70 ಕಿಲೋದವರು ಮೂರೂವರೆ ಕಿಲೋ ಇಳಿದಿದ್ದರೆ "ಪರವಾಗಿಲ್ಲ, ಸಣ್ಣಗಾದೆ" ಎಂದು ಹಿಗ್ಗಬಾರದು. ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರವಿದ್ದರೆ ಸಕ್ಕರೆ ಕಾಯಿಲೆ, ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯ, ಎದೆಬಡಿತ ಮತ್ತು ಕೈನಡುಕವಿದ್ದರೆ ಥೈರಾಯಿಡ್ ತೊಂದರೆ ಇರಬಹುದು. ಬೇರೇನೂ ಲಕ್ಷಣವಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕೊನೆಯದಾಗಿ ಒಂದು ಮಾತು. ಬೊಜ್ಜು ಕರಗಿದಂತೆ ಹಳೆಯ ಪ್ರಮಾಣದ ಔಷಧಿಯೇ ಹೆಚ್ಚಾಗಬಹುದು. ಎದ್ದು ನಿಂತಾಗ ತಲೆಸುತ್ತು ಬಂದರೆ ರಕ್ತದೊತ್ತಡ ಇಳಿದಿರಬಹುದು. ಇದ್ದಕ್ಕಿದ್ದಂತೆ ಬೆವರು, ನಡುಕ, ತಡೆಯಲಾಗದ ಹಸಿವು ಕಾಣಿಸಿದರೆ ಸಕ್ಕರೆ ಇಳಿದಿರಬಹುದು. ಆಗ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷದ ನಂತರ ರಕ್ತದ ಸಕ್ಕರೆ ನೋಡಿಕೊಳ್ಳಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬರೆದಿಟ್ಟ ಅಳತೆಗಳನ್ನು ತೆಗೆದುಕೊಂಡು ಆ ವಾರವೇ ನಿಮ್ಮ ವೈದ್ಯರನ್ನು ಕಾಣಿರಿ; ಎಷ್ಟು ಕಡಿಮೆ ಮಾಡಬೇಕೆಂದು ಅವರು ತೀರ್ಮಾನಿಸಲಿ.