ಒಂದು ವಾಕ್ಯ, ಹತ್ತು ವರ್ಷಗಳ ಸೆರೆವಾಸ

ಬೈತುಲ್ ಮುಕದ್ದಸನ್ನು ಮರಳಿ ಗೆದ್ದ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಹೆಸರು ಕೇಳದ ಮುಸ್ಲಿಮ್ ಮನೆ ಇರಲಾರದು. ಆದರೆ ಅವರು ಕುರ್ದ್ ಜನಾಂಗದವರೆಂಬುದು ಎಷ್ಟು ಮಂದಿಗೆ ಗೊತ್ತು? ತುರ್ಕಿ, ಇರಾನ್, ಇರಾಕ್ ಮತ್ತು ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದರ ಸಂಖ್ಯೆ ಮೂರು ಕೋಟಿಯನ್ನು ಮೀರುತ್ತದೆ. ಹೆಚ್ಚಿನವರು ಸುನ್ನೀ ಮುಸ್ಲಿಮರು. ಅವರಿಗೆ ತಮ್ಮದೆಂಬ ದೇಶವಿಲ್ಲ. ತುರ್ಕಿಯಲ್ಲಂತೂ ಬಹುಕಾಲ ಅವರನ್ನು ಕುರ್ದರೆಂದು ಒಪ್ಪಿಕೊಳ್ಳಲೂ ಸರಕಾರ ಸಿದ್ಧವಿರಲಿಲ್ಲ. 'ಬೆಟ್ಟದ ತುರ್ಕರು' ಎಂದೇ ಕರೆಯಲಾಗುತ್ತಿತ್ತು. ಅವರ ಭಾಷೆಯಲ್ಲಿ ವಿಚಾರ ಪ್ರಕಟಿಸುವುದನ್ನು ನಿಷೇಧಿಸಿ 1983ರಲ್ಲಿ ಕಾನೂನೇ ಬಂತು. ಅದು ರದ್ದಾದದ್ದು 1991ರಲ್ಲಿ.

ಅದೇ ವರ್ಷ ತುರ್ಕಿಯ ಸಂಸತ್ತಿನಲ್ಲಿ ಕುರ್ದ್ ಭಾಷೆಯ ಒಂದು ವಾಕ್ಯ ನುಡಿದ ಮಹಿಳೆಯೇ ಲೈಲಾ ಝಾನಾ.

ಜೈಲಿನ ಬಾಗಿಲೇ ಪಾಠಶಾಲೆ

ಲೈಲಾ ಹುಟ್ಟಿದ್ದು 1961ರಲ್ಲಿ, ದಿಯಾರ್‌ಬಕೀರ್ ಪ್ರಾಂತ್ಯದ ಸಿಲ್ವಾನ್ ಬಳಿಯ ಹಳ್ಳಿಯಲ್ಲಿ. ಶಾಲೆಯ ಭಾಗ್ಯ ಸಿಕ್ಕಿದ್ದು ಅಲ್ಪಕಾಲ ಮಾತ್ರ. ಹದಿನಾಲ್ಕನೆಯ ವಯಸ್ಸಿನಲ್ಲೇ ತನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರಾದ ಬಂಧು ಮೆಹ್ದಿ ಝಾನಾರೊಂದಿಗೆ ವಿವಾಹವಾಯಿತು. 1977ರಲ್ಲಿ ಮೆಹ್ದಿ ದಿಯಾರ್‌ಬಕೀರ್ ನಗರದ ಮೇಯರ್ ಆಗಿ ಆಯ್ಕೆಯಾದರು. 1980ರ ಸೆಪ್ಟೆಂಬರ್‌ನಲ್ಲಿ ಸೇನೆ ಅಧಿಕಾರ ಕಸಿದುಕೊಂಡಾಗ ಅವರನ್ನು ಬಂಧಿಸಲಾಯಿತು. ಆಗ ಲೈಲಾರ ವಯಸ್ಸು ಹತ್ತೊಂಬತ್ತು. ಮಡಿಲಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು.

ದಿಯಾರ್‌ಬಕೀರ್ ಸೇನಾ ಜೈಲು ಚಿತ್ರಹಿಂಸೆಗೆ ಕುಖ್ಯಾತವಾಗಿತ್ತು. ಭೇಟಿಗೆ ಬಂದವರು ತುರ್ಕಿ ಭಾಷೆಯಲ್ಲೇ ಮಾತನಾಡಬೇಕೆಂಬ ನಿಯಮವಿತ್ತು. ಹಳ್ಳಿಯಿಂದ ದಿನಗಟ್ಟಲೆ ಪ್ರಯಾಣಿಸಿ ಬಂದ ತಾಯಂದಿರಿಗೆ ಆ ಭಾಷೆ ಎಲ್ಲಿಂದ ಬರಬೇಕು? ಮಗನ ಮುಖವನ್ನು ಮೌನವಾಗಿ ನೋಡಿ, ಕಣ್ಣೀರೊರೆಸಿಕೊಂಡು ಹಿಂದಿರುಗುತ್ತಿದ್ದರು. 'ಊಟ ಮಾಡಿದೆಯಾ ಮಗನೇ' ಎಂದು ಕೇಳುವುದೂ ಅಪರಾಧವಾಗಿದ್ದ ಕಾಲವದು.

ಈ ದೃಶ್ಯಗಳೇ ಲೈಲಾರ ಗುರುಗಳಾದವು. ಪತಿಯನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆಲ್ಲಾ ಅವರೂ ಮಕ್ಕಳೊಂದಿಗೆ ಹಿಂದೆ ಹೋದರು. ತುರ್ಕಿ ಭಾಷೆ ಕಲಿತರು. ತರಗತಿಗೆ ಹೋಗದೆ ಖಾಸಗಿಯಾಗಿ ಪರೀಕ್ಷೆ ಬರೆದು ಪ್ರೌಢಶಿಕ್ಷಣ ಮುಗಿಸಿದರು. ಕೈದಿಗಳ ಕುಟುಂಬದ ಮಹಿಳೆಯರನ್ನು ಒಟ್ಟುಗೂಡಿಸಿದರು. 1988ರಲ್ಲಿ ಸ್ವತಃ ಬಂಧನಕ್ಕೊಳಗಾದರು. ಮೆಹ್ದಿಯವರ ಬಿಡುಗಡೆಯಾದದ್ದು ಹನ್ನೊಂದು ವರ್ಷಗಳ ಬಳಿಕ, 1991ರಲ್ಲಿ.

ಸಂಸತ್ತಿನಲ್ಲಿ ಕೋಲಾಹಲ

ಅದೇ ವರ್ಷದ ಅಕ್ಟೋಬರ್ ಚುನಾವಣೆಯಲ್ಲಿ ದಿಯಾರ್‌ಬಕೀರಿನ ಜನತೆ ಲೈಲಾರನ್ನು ಗೆಲ್ಲಿಸಿತು. ತುರ್ಕಿಯ ಸಂಸತ್ತಿಗೆ ಚುನಾಯಿತರಾದ ಪ್ರಥಮ ಕುರ್ದ್ ಮಹಿಳೆ ಅವರು. ನವೆಂಬರ್‌ನಲ್ಲಿ ಪ್ರಮಾಣವಚನಕ್ಕೆ ಬಂದಾಗ ಅವರ ತಲೆಪಟ್ಟಿಯಲ್ಲಿ ಕುರ್ದರ ಹಳದಿ, ಹಸಿರು, ಕೆಂಪು ಬಣ್ಣಗಳಿದ್ದವು. ನಿಯಮದಂತೆ ತುರ್ಕಿ ಭಾಷೆಯಲ್ಲಿ ಪ್ರಮಾಣ ಮಾಡಿದ ಬಳಿಕ, ತುರ್ಕ್ ಮತ್ತು ಕುರ್ದ್ ಜನತೆಯ ಸಹೋದರತ್ವಕ್ಕಾಗಿ ಈ ಪ್ರಮಾಣ ಸ್ವೀಕರಿಸಿದ್ದೇನೆಂದು ತನ್ನ ಮಾತೃಭಾಷೆಯಲ್ಲಿ ಹೇಳಿದರು.

ಸಭೆಯಲ್ಲಿ ಬೊಬ್ಬೆ, ಧಿಕ್ಕಾರ, ಮೇಜು ಗುದ್ದುವ ಸದ್ದು ತುಂಬಿತು. ಸಂಸದರೆಂಬ ರಕ್ಷಣೆ ಇದ್ದುದರಿಂದ ತಕ್ಷಣ ಬಂಧಿಸಲಾಗಲಿಲ್ಲ. 1994ರ ಮಾರ್ಚ್‌ನಲ್ಲಿ ಆ ರಕ್ಷಣೆಯನ್ನು ಸಂಸತ್ತೇ ಕಿತ್ತುಕೊಂಡಿತು. ಅವರ ಪಕ್ಷವನ್ನೂ ನಿಷೇಧಿಸಲಾಯಿತು. ಸರಕಾರದ ವಿರುದ್ಧ 1984ರಿಂದ ಸಶಸ್ತ್ರ ಹೋರಾಟ ನಡೆಸುತ್ತಿದ್ದ ಪಿಕೆಕೆಯ ಸದಸ್ಯರೆಂಬುದು ಆರೋಪ. ಅದನ್ನು ಲೈಲಾ ನಿರಾಕರಿಸಿದರು. ಸರಕಾರಿ ವಕೀಲರು ಮರಣದಂಡನೆಯನ್ನೇ ಕೇಳಿದ್ದರು. ಡಿಸೆಂಬರ್‌ನಲ್ಲಿ ಲೈಲಾ ಮತ್ತು ಮೂವರು ಸಹಸಂಸದರಾದ ಹತೀಪ್ ದಿಜ್ಲೆ, ಓರ್ಹಾನ್ ದೋಆನ್, ಸಲೀಮ್ ಸದಕ್‌ರಿಗೆ ತಲಾ 15 ವರ್ಷಗಳ ಶಿಕ್ಷೆಯಾಯಿತು.

ತೆರೆದ ಬಾಗಿಲನ್ನು ನಿರಾಕರಿಸಿದಾಗ

ಅಂಕಾರಾದ ಉಲುಜನ್ಲರ್ ಜೈಲಿನಲ್ಲಿದ್ದಾಗಲೇ 1995ರಲ್ಲಿ ಯುರೋಪಿಯನ್ ಸಂಸತ್ತು ಅವರಿಗೆ ಸಖರೋವ್ ಪ್ರಶಸ್ತಿ ನೀಡಿತು. 1997ರಲ್ಲಿ ಅನಾರೋಗ್ಯದ ನೆಲೆಯಲ್ಲಿ ಅವರೊಬ್ಬರನ್ನೇ ಬಿಡುಗಡೆ ಮಾಡುವ ಪ್ರಸ್ತಾಪ ಬಂತು. ಸಂಗಡಿಗರನ್ನು ಒಳಗೆ ಬಿಟ್ಟು ತಾನೊಬ್ಬಳೇ ಹೊರಬರಲಾರೆನೆಂದು ಅವರು ನಿರಾಕರಿಸಿದರು. ಸೆರೆಮನೆಯ ಹೊರಗೆ ಮಕ್ಕಳಿದ್ದ ತಾಯಿಯೊಬ್ಬಳ ತೀರ್ಮಾನವಿದು ಎಂಬುದನ್ನು ಓದುಗರು ಗಮನಿಸಬೇಕು.

2001ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯವು ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ತೀರ್ಪಿತ್ತಿತು. 2003ರಲ್ಲಿ ಮರುವಿಚಾರಣೆ ಆರಂಭವಾದರೂ ಮರುವರ್ಷ ಅದೇ ಶಿಕ್ಷೆ ಮರುಕಳಿಸಿತು. ಕೊನೆಗೆ ಮೇಲ್ಮನವಿ ನ್ಯಾಯಾಲಯದ ಆದೇಶದಂತೆ 2004ರ ಜೂನ್ 9ರಂದು ನಾಲ್ವರೂ ಹೊರಬಂದರು. ತುರ್ಕಿಯ ಸರಕಾರಿ ವಾಹಿನಿ ಪ್ರಥಮ ಬಾರಿಗೆ ಕುರ್ದ್ ಭಾಷೆಯ ಕಾರ್ಯಕ್ರಮ ಪ್ರಸಾರ ಮಾಡಿದ್ದೂ ಅದೇ ದಿನ! ಆ ಅಕ್ಟೋಬರ್‌ನಲ್ಲಿ ಲೈಲಾ ಯುರೋಪಿಯನ್ ಸಂಸತ್ತಿಗೆ ತೆರಳಿ, ಒಂಬತ್ತು ವರ್ಷಗಳಿಂದ ಕಾದಿದ್ದ ಪ್ರಶಸ್ತಿಯನ್ನು ಸ್ವೀಕರಿಸಿದರು.

ಮುಗಿಯದ ಪ್ರಮಾಣ

2011ರಲ್ಲಿ ಜನರು ಅವರನ್ನು ಮತ್ತೆ ಸಂಸತ್ತಿಗೆ ಕಳುಹಿಸಿದರು. 2015ರಲ್ಲಿ ಪ್ರಮಾಣವಚನದ 'ತುರ್ಕ್ ಜನಾಂಗ' ಎಂಬಲ್ಲಿ 'ತುರ್ಕಿಯ ಜನತೆ' ಎಂದದ್ದಕ್ಕಾಗಿ ಆ ಪ್ರಮಾಣವನ್ನು ಅಂಗೀಕರಿಸಲಿಲ್ಲ. 2018ರ ಜನವರಿಯಲ್ಲಿ ಸದಸ್ಯತ್ವವೇ ರದ್ದಾಯಿತು.

ನಾಲ್ಕು ದಶಕಗಳ ಸಂಘರ್ಷದಲ್ಲಿ ಎರಡೂ ಕಡೆ ಒಟ್ಟು ನಲವತ್ತು ಸಾವಿರ ಜೀವಗಳು ಹೋಗಿವೆ. 2025ರ ಮೇ ತಿಂಗಳಲ್ಲಿ ಪಿಕೆಕೆ ತನ್ನನ್ನು ವಿಸರ್ಜಿಸುವುದಾಗಿ ಘೋಷಿಸಿತು. ಉಲುಜನ್ಲರ್ ಜೈಲು ಈಗ ವಸ್ತುಸಂಗ್ರಹಾಲಯವಾಗಿದೆ. ಒಂದೇ ಕಿಬ್ಲಾದತ್ತ ಮುಖಮಾಡಿ ನಮಾಝ್ ಮಾಡುವ ಎರಡು ಜನಾಂಗಗಳ ನಡುವೆ ಇಷ್ಟು ರಕ್ತ ಹರಿಯಬೇಕಿತ್ತೇ? 1991ರಲ್ಲಿ ಆ ಮಹಿಳೆ ಕೋರಿದ್ದು ಪ್ರತ್ಯೇಕ ದೇಶವನ್ನಲ್ಲ, ಸಹೋದರತ್ವವನ್ನು. ಬೊಬ್ಬೆ ಹಾಕಿದವರು ಅಂದು ಭಾಷೆಯನ್ನಷ್ಟೇ ಕೇಳಿಸಿಕೊಂಡರು, ಅರ್ಥವನ್ನು ಕೇಳಿಸಿಕೊಳ್ಳಲಿಲ್ಲ.