ಕಾಲು ಮೈಲಿಯ ಓಟ, ಗೇಣುದ್ದದ ಚರಿತ್ರೆ

ಕಾಲು ಮೈಲಿ ಎಂದರೆ 1,320 ಅಡಿ, ಸುಮಾರು 402 ಮೀಟರ್. ಅಮೆರಿಕದ ಡ್ರ್ಯಾಗ್ ರೇಸಿಂಗ್ ಎಂಬ ಮೋಟಾರು ಕ್ರೀಡೆ ಬೆಳೆದದ್ದು ಇಷ್ಟೇ ಉದ್ದದ ಅಂಗಳದಲ್ಲಿ. ತಿರುವಿಲ್ಲ, ಸುತ್ತುಗಳಿಲ್ಲ. ನೇರ ರಸ್ತೆಯ ಒಂದು ತುದಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ, ಇನ್ನೊಂದು ತುದಿಯನ್ನು ಮೊದಲು ದಾಟಿದ್ದು ಗೆಲ್ಲುತ್ತದೆ. 1960ರ ದಶಕದ ಕೊನೆಯ ಹೊತ್ತಿಗೆ ಅತಿ ವೇಗದ ಕಾರುಗಳು ಈ ದೂರವನ್ನು ಏಳು ಸೆಕೆಂಡಿನೊಳಗೆ ಮುಗಿಸುತ್ತಿದ್ದವು. ಅದೇ ಕಾರನ್ನು ಇಪ್ಪತ್ತೈದನೇ ಒಂದರ ಅಳತೆಗೆ ಇಳಿಸಿ ಮೇಜಿನ ಮೇಲೆ ಕಟ್ಟಲು ಪಳಗಿದ ಕೈಗೂ ತಿಂಗಳುಗಳು ಬೇಕು.

ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಆಟಿಕೆ ಅಂಗಡಿಗೆ ಹೋದರೆ ಹಾಟ್ ವೀಲ್ಸ್ ಕಾರುಗಳು ಸಾಲಾಗಿ ತೂಗಾಡುತ್ತವೆ. ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಈ ಹೆಸರಿಗೂ ಕ್ಯಾಲಿಫೋರ್ನಿಯಾದ ಆ ನೇರ ರಸ್ತೆಗಳಿಗೂ ಹತ್ತಿರದ ನಂಟಿದೆ. ಆದರೆ ಈ ಲೇಖನ ಆಟಿಕೆಯದ್ದಲ್ಲ. ತನ್ನ ವಸ್ತುಗಳನ್ನು ತಾನೇ ಮುರಿದು ಹಾಕಿದ ಕ್ರೀಡೆಯೊಂದನ್ನು, ಚಿಮುಟ ಮತ್ತು ಕುಂಚ ಹಿಡಿದು ಉಳಿಸಿಕೊಂಡವರ ಕಸುಬಿನದ್ದು.

ಒಣಗಿದ ಕೆರೆಯಿಂದ ರನ್‌ವೇಗೆ

ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಹಲಗೆಯಷ್ಟು ಸಮತಟ್ಟಾದ ಆ ಕೆರೆಯಂಗಳಗಳಲ್ಲಿ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಕಳಚಿ, ಹಗುರಮಾಡಿ, ವೇಗ ಪರೀಕ್ಷಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಮುಂದೆ ಮುರಾಕ್ ಸೇನೆಯ ಪಾಲಾಯಿತು. ಇಂದು ಅಲ್ಲಿರುವುದು ಎಡ್ವರ್ಡ್ಸ್ ವಾಯುನೆಲೆ. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಹುಡುಗರಿಗೆ ಯಂತ್ರಗಳ ಪಳಗಿಕೆ ಇತ್ತು, ಕೈಯಲ್ಲಿ ಒಂದಿಷ್ಟು ಹಣವೂ ಇತ್ತು. ಓಡಿಸಲು ಜಾಗ ಮಾತ್ರ ಇರಲಿಲ್ಲ. ಊರ ರಸ್ತೆಗಳಲ್ಲೇ ಪಂದ್ಯ ಕಟ್ಟಿ ಜೀವ ಕಳೆದುಕೊಂಡವರೂ ಇದ್ದರು.

ಆಗ ಕಣ್ಣಿಗೆ ಬಿದ್ದದ್ದು ವಿಮಾನ ನಿಲ್ದಾಣಗಳ ರನ್‌ವೇಗಳು. 1950ರಲ್ಲಿ ‘ಪ್ಯಾಪಿ’ ಎಂದೇ ಹೆಸರಾದ ಸಿ.ಜೆ. ಹಾರ್ಟ್ ತಮ್ಮ ಗೆಳೆಯರೊಂದಿಗೆ ಸಾಂಟಾ ಅನಾದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಟಿಕೆಟ್ಟಿಟ್ಟು ಪಂದ್ಯ ಶುರುಮಾಡಿದರು. ಮರುವರ್ಷವೇ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬೀದಿಯ ಪಂದ್ಯವನ್ನು ನಿಯಮ, ಸುರಕ್ಷತೆಗಳ ಚೌಕಟ್ಟಿಗೆ ತರುವುದು ಅವರ ಹಂಬಲ. 1953ರಲ್ಲಿ ಪೊಮೋನಾದಲ್ಲಿ ಸಂಸ್ಥೆಯ ಮೊದಲ ಕೂಟ ನಡೆಯಿತು, 1955ರಲ್ಲಿ ಕಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ. ಆರಂಭದಲ್ಲಿ ಓಟಕ್ಕೆ ಸನ್ನೆ ಕೊಡುತ್ತಿದ್ದದ್ದು ಬಾವುಟ ಹಿಡಿದ ಮನುಷ್ಯ. 1963ರಿಂದ ಆ ಜಾಗಕ್ಕೆ ‘ಕ್ರಿಸ್‌ಮಸ್ ಟ್ರೀ’ ಎಂಬ ದೀಪದ ಕಂಬ ಬಂತು.

ಬೆಂಕಿ ಉಗುಳುವ ಎಂಜಿನ್

ಆ ಕಾಲದ ಡ್ರ್ಯಾಗ್‌ಸ್ಟರ್ ನೋಡಲು ವಿಚಿತ್ರವಾದ ಬಂಡಿ. ಉದ್ದನೆಯ ಉಕ್ಕಿನ ಕೊಳವೆಗಳ ಚಾಸಿ, ಮುಂದೆ ಸೈಕಲ್ಲಿನದರಂಥ ತೆಳು ಚಕ್ರಗಳು, ಹಿಂದೆ ಹೂವಿಲ್ಲದ ನುಣುಪು ರಬ್ಬರಿನ ದಪ್ಪ ಟೈರುಗಳು. ಚಾಲಕ ಕೂರುತ್ತಿದ್ದದ್ದು ಹಿಂದಿನ ಆಕ್ಸೆಲಿನ ಆಚೆ, ಕವಣೆಯಲ್ಲಿಟ್ಟ ಕಲ್ಲಿನ ಜಾಗದಲ್ಲಿ. ಹಾಗಾಗಿಯೇ ಇದನ್ನು ಸ್ಲಿಂಗ್‌ಶಾಟ್ ಎಂದು ಕರೆದರು. ಎಂಜಿನ್ ಹೆಚ್ಚಾಗಿ ಕ್ರೈಸ್ಲರ್ ಕಂಪನಿಯ ಹೆಮಿ. ಅದರ ನೆತ್ತಿಯ ಮೇಲೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್. ಜನರಲ್ ಮೋಟಾರ್ಸ್‌ನ ಡೀಸೆಲ್ ಎಂಜಿನ್ನುಗಳಿಗೆಂದು ತಯಾರಾದ ಈ ಭಾಗವನ್ನು ಹುಡುಗರು ಗುಜರಿಯಿಂದ ತಂದು ಕೂರಿಸುತ್ತಿದ್ದರು.

ಇನ್ನು ಇಂಧನ, ನೈಟ್ರೋಮೀಥೇನ್. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ನೈಟ್ರೋಮೀಥೇನ್‌ಗೆ 1.7 ಪಾಲು ಸಾಕು, ಏಕೆಂದರೆ ಅದರ ಅಣುವಿನೊಳಗೇ ಆಮ್ಲಜನಕ ಇದೆ. ಅಷ್ಟೇ ಗಾಳಿಯಲ್ಲಿ ಹಲವು ಪಟ್ಟು ಹೆಚ್ಚು ಇಂಧನ ಉರಿಸಬಹುದಾದ್ದರಿಂದ ಎಂಜಿನ್ನಿನ ಶಕ್ತಿ ಎರಡು ಪಟ್ಟಿಗೂ ಮೀರಿ ಏರುತ್ತದೆ. ಸಿಲಿಂಡರಿನೊಳಗೆ ಉರಿಯದೆ ಉಳಿದದ್ದು ಹೊರಗಿನ ಗಾಳಿ ಸೋಕಿದೊಡನೆ ಹೊತ್ತಿಕೊಂಡು ಕೊಳವೆಗಳ ಬಾಯಲ್ಲಿ ಜ್ವಾಲೆಯಾಗಿ ಏಳುತ್ತದೆ. ಆ ಹೊಗೆಗೆ ನೋಡುವವರ ಕಣ್ಣಲ್ಲಿ ನೀರು ಬರುತ್ತದೆ, ಸದ್ದಿಗೆ ಎದೆಗೂಡು ನಡುಗುತ್ತದೆ. ಅಪಾಯ ಅರಿತ ವಾಲಿ ಪಾರ್ಕ್ಸ್‌ರ ಸಂಸ್ಥೆ 1957ರಲ್ಲಿ ಈ ಇಂಧನವನ್ನು ತನ್ನ ಪಂದ್ಯಗಳಲ್ಲಿ ನಿಷೇಧಿಸಿತು. ಬೇರೆ ಅಂಗಳಗಳಲ್ಲಿ ಅದರ ಓಟ ನಿಲ್ಲಲಿಲ್ಲ. 1960ರ ದಶಕದ ಮೊದಲರ್ಧದಲ್ಲೇ ನಿಷೇಧ ತೆರವಾಯಿತು.

ಕೊಳವೆ ಬೆಸೆದವರು, ಚುಕ್ಕಾಣಿ ಹಿಡಿದವರು

ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ತಮ್ಮ ಕಾರುಗಳನ್ನು ತಾವೇ ಕಟ್ಟಿ, ತಾವೇ ಓಡಿಸಿದವರು. ‘ಸ್ವಾಂಪ್ ರ್‍ಯಾಟ್’ ಎಂಬುದು ಅವರ ಕಾರುಗಳ ಹೆಸರು. ಒಂದಾದ ಮೇಲೊಂದು ಸಂಖ್ಯೆ ಹೊತ್ತು ಬಂದವು. 1964ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಗ್ರೇಟ್ ಮೆಡೋಸ್‌ನಲ್ಲಿ ಅವರು ಗಂಟೆಗೆ 201.34 ಮೈಲಿ, ಅಂದರೆ ಸುಮಾರು 324 ಕಿಲೋಮೀಟರ್ ವೇಗ ಮುಟ್ಟಿದರು. ಏಳು ಸೆಕೆಂಡಿನೊಳಗೆ ಓಡುವವರೆಗೂ ಗಡ್ಡ ತೆಗೆಯುವುದಿಲ್ಲ ಎಂದು ಶಪಥ ತೊಟ್ಟಿದ್ದವರು 1967ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 6.77 ಸೆಕೆಂಡು ಓಡಿ, ಅಲ್ಲೇ ಜನರ ನಡುವೆ ಗಡ್ಡ ಬೋಳಿಸಿಕೊಂಡರು. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಎಂಬ ಓಟದ ಅಂಗಳದಲ್ಲಿ ಅವರ ಕಾರಿನ ಗೇರ್‌ಬಾಕ್ಸ್ ಸಿಡಿದು ಕಾರು ಎರಡು ತುಂಡಾಯಿತು, ಬಲಪಾದದ ಒಂದು ಭಾಗ ಹೋಯಿತು. ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಡುವ ವಿನ್ಯಾಸವನ್ನು ಅವರು ಯೋಚಿಸಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಮರುವರ್ಷ ಅದೇ ವಿನ್ಯಾಸದ ಕಾರಿನಲ್ಲಿ ಪೊಮೋನಾದ ಪಂದ್ಯ ಗೆದ್ದರು. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್ ಕಾಲ ಮುಗಿದೇ ಹೋಯಿತು.

ಟೀವಿ ನಟ ಟಾಮಿ ಐವೋ ನಾಲ್ಕು ಬ್ಯೂಕ್ ಎಂಜಿನ್ನುಗಳನ್ನು ಒಂದೇ ಕಾರಿನಲ್ಲಿ ಕೂರಿಸಿ ನಾಲ್ಕೂ ಚಕ್ರಗಳಿಂದ ಹೊಗೆ ಎಬ್ಬಿಸಿದರು. ಶರ್ಲಿ ಮಲ್ಡೌನಿ ಟಾಪ್ ಫ್ಯೂಯೆಲ್ ಎಂಬ ಅತ್ಯುನ್ನತ ವರ್ಗದಲ್ಲಿ ಓಡಿಸಲು ಪರವಾನಗಿ ಪಡೆದ ಮೊದಲ ಮಹಿಳೆ. 1977, 1980, 1982ರಲ್ಲಿ ಚಾಂಪಿಯನ್ ಆದರು. ‘ಸ್ನೇಕ್’ ಎಂದು ಹೆಸರಾದ ಡಾನ್ ಪ್ರುಧೋಮ್, ‘ಮಂಗೂಸ್’ ಎಂದು ಕರೆಸಿಕೊಂಡ ಟಾಮ್ ಮೆಕ್‌ಯುವೆನ್ ಅವರ ಹಾವು-ಮುಂಗುಸಿ ಪೈಪೋಟಿಯಂತೂ ಮಕ್ಕಳ ಬಾಯಲ್ಲೂ ಇತ್ತು. ಆಟಿಕೆ ಕಂಪನಿ ಮ್ಯಾಟೆಲ್ 1970ರಲ್ಲಿ ಇಬ್ಬರಿಗೂ ಪ್ರಾಯೋಜಕತ್ವ ನೀಡಿತು. ಪ್ರುಧೋಮ್‌ರ ಹಳದಿ ಬರಕೂಡಾ, ಮೆಕ್‌ಯುವೆನ್‌ರ ಕೆಂಪು ಡಸ್ಟರ್ ಹಾಟ್ ವೀಲ್ಸ್ ಆಟಿಕೆಗಳಾಗಿ ಮನೆಮನೆ ಸೇರಿದವು. 1978ರಲ್ಲಿ ಮಗನನ್ನು ರಕ್ತದ ಕ್ಯಾನ್ಸರಿಗೆ ಕಳೆದುಕೊಂಡ ಕೆಲವೇ ದಿನಗಳಲ್ಲಿ ಮೆಕ್‌ಯುವೆನ್ ಇಂಡಿಯಾನಾಪೊಲಿಸ್‌ನ ಫೈನಲ್ಲಿನಲ್ಲಿ ಗೆದ್ದರು. ಎದುರಾಳಿ ಅದೇ ಪ್ರುಧೋಮ್.

ಉಳಿಯದ ಅಂಗಳಗಳು, ಉಳಿಯದ ಕಾರುಗಳು

ಸಾಂಟಾ ಅನಾದ ಓಟ 1959ಕ್ಕೆ ನಿಂತಿತು. ಲಾಂಗ್ ಬೀಚ್ ಬಳಿಯ ಲಯನ್ಸ್ ಅಂಗಳ, ಸಮುದ್ರದ ಕಡೆಯ ತಂಪು ಗಾಳಿಗೆ ಎಂಜಿನ್ನುಗಳು ಹುರುಪಾಗಿ ಓಡುತ್ತಿದ್ದ ಜಾಗ, 1972ರ ಡಿಸೆಂಬರ್ 2ರ ರಾತ್ರಿ ಕೊನೆಯ ಪಂದ್ಯ ಕಂಡಿತು. ಆರೆಂಜ್ ಕೌಂಟಿಯ ದೊಡ್ಡ ಅಂಗಳ 1983ರಲ್ಲಿ ಮುಚ್ಚಿತು. ನೆಲದ ಬೆಲೆ ಏರಿದ್ದು, ಸುತ್ತಲ ಬಡಾವಣೆಗಳಿಗೆ ಸದ್ದು ಸಹಿಸಲಾಗದ್ದು ಇವುಗಳ ಪಾಲಿಗೆ ಮುಳುವಾದವು.

ಕಾರುಗಳ ಗತಿಯೂ ಹಾಗೆಯೇ. ಹೋದ ವರ್ಷದ ಡ್ರ್ಯಾಗ್‌ಸ್ಟರ್ ಈ ವರ್ಷ ಗೆಲ್ಲದು. ಎಂಜಿನ್ ಬಿಚ್ಚಿ ಹೊಸ ಚಾಸಿಗೆ ಹಾಕುತ್ತಿದ್ದರು, ಹಳೆಯ ಚಾಸಿ ಮಾರಾಟವಾಗುತ್ತಿತ್ತು, ಇಲ್ಲವೇ ತುಂಡಾಗುತ್ತಿತ್ತು. ವಾರವಾರ ಪಂದ್ಯ ಓಡಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಹಳೆಯದನ್ನು ಶೆಡ್ಡಿನಲ್ಲಿಟ್ಟು ಕಾಯುವ ಅನುಕೂಲ ಎಲ್ಲಿತ್ತು? ಕಾಲು ಮೈಲಿಯ ಅಳತೆಯೂ ಅತಿ ವೇಗದ ವರ್ಗಗಳಲ್ಲಿ ಈಗಿಲ್ಲ. 2008ರಲ್ಲಿ ಚಾಲಕ ಸ್ಕಾಟ್ ಕಲಿಟಾ ಓಟದ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಲ್ಲಿನ ದೂರವನ್ನು 1,000 ಅಡಿಗೆ ಇಳಿಸಿದರು. ಒಂದು ಕಾಲದ ಕಾರು, ನೆಲ, ಅಳತೆ ಎಲ್ಲವೂ ಹೀಗೆ ಕೈಬಿಟ್ಟು ಹೋದಾಗ ಅದನ್ನು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಮಾದರಿ ಕಟ್ಟುವವರು ನಿಂತರು.

ಡಬ್ಬಿಯಲ್ಲಿ ಬಂದ ಗ್ಯಾರೇಜು

ಮಿಷಿಗನ್ ರಾಜ್ಯದ ಎಎಂಟಿ ಕಂಪನಿ ಮೊದಲು ತಯಾರಿಸುತ್ತಿದ್ದದ್ದು ಕಾರು ಮಾರಾಟಗಾರರು ಗಿರಾಕಿಗಳಿಗೆ ಕೊಡುತ್ತಿದ್ದ ಪ್ರಚಾರದ ಪುಟ್ಟ ಕಾರುಗಳನ್ನು. 1958ರಲ್ಲಿ ಅದೇ ಇಪ್ಪತ್ತೈದನೇ ಒಂದರ ಅಳತೆಯಲ್ಲಿ, ಮನೆಯಲ್ಲೇ ಜೋಡಿಸಬಹುದಾದ ಪ್ಲಾಸ್ಟಿಕ್ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. ಒಂದೇ ಡಬ್ಬಿಯಿಂದ ಮೂರು ಬಗೆಯ ಕಾರು ಸಾಧ್ಯವಿತ್ತು: ಶೋರೂಮಿನಿಂದ ಬಂದಂತೆ ಒಂದು, ಅಲಂಕಾರ ಮಾಡಿದ್ದು ಒಂದು, ಪಂದ್ಯಕ್ಕೆ ಸಜ್ಜಾದದ್ದು ಒಂದು. ಹದಿಹರೆಯದ ಹುಡುಗನಿಗೆ ನಿಜವಾದ ಹೆಮಿ ಎಂಜಿನ್ ಕೊಳ್ಳುವ ಶಕ್ತಿ ಇರಲಿಲ್ಲ, ಕಿಟ್ ಕೊಳ್ಳುವ ಶಕ್ತಿ ಇತ್ತು. ಕ್ಯಾಲಿಫೋರ್ನಿಯಾದ ರೆವೆಲ್, ಶಿಕಾಗೋ ಕಡೆಯ ಮೊನೋಗ್ರಾಂ, ಮಿಷಿಗನ್ನಿನವೇ ಆದ ಎಂಪಿಸಿ, ಜೋ-ಹಾನ್ ಕಂಪನಿಗಳೂ ಕಾರಿನ ಕಿಟ್‌ಗಳನ್ನು ತಂದವು. ಪಂದ್ಯದಲ್ಲಿ ಹೆಸರು ಮಾಡಿದ ಕಾರು ಕೆಲವೇ ತಿಂಗಳಲ್ಲಿ ಅಂಗಡಿಯ ಕಪಾಟಿನಲ್ಲಿ ಇರುತ್ತಿತ್ತು. ಬ್ಲೋವರ್, ಮ್ಯಾಗ್ನೆಟೊ, ಡಿಫರೆನ್ಷಿಯಲ್ ಎಲ್ಲಿರುತ್ತವೆ, ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದನ್ನು ಒಂದಿಡೀ ಪೀಳಿಗೆ ಕಲಿತದ್ದು ಊಟದ ಮೇಜಿನ ಮೇಲೆ.

ಕೈಗೆಲಸದ ಒಳಗು

ಕಿಟ್‌ನ ಬಿಡಿಭಾಗಗಳು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಮುರಿದು ತೆಗೆಯಬಾರದು, ಸಣ್ಣ ಕಟ್ಟರಿನಿಂದ ಕತ್ತರಿಸಬೇಕು. ಆಮೇಲೆ ಪ್ರತಿ ಭಾಗದ ಮೇಲಿನ ಅಚ್ಚಿನ ಗೆರೆಯನ್ನು ಅಲಗಿನಿಂದ ಹೆರೆದು, ವಾಟರ್ ಪೇಪರಿನಿಂದ ಉಜ್ಜಿ ಅಳಿಸಬೇಕು. ತೆಳು ಅಂಟು ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಒಂದು ಹನಿ ಹೆಚ್ಚಾದರೂ ಮೈಮೇಲೆ ಕಲೆ ಉಳಿಯುತ್ತದೆ. ಕಂಪನಿ ಕೊಟ್ಟ ಕ್ರೋಮ್ ಲೇಪ ಹೊಳಪು ಜಾಸ್ತಿಯಾಗಿ ಆಟಿಕೆಯಂತೆ ಕಂಡರೆ ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಸಿ ತೆಗೆದು, ಲೋಹದ ಬಣ್ಣ ಹೊಸದಾಗಿ ಹೊಡೆಯುತ್ತಾರೆ.

ನಿಜವಾದ ಪರೀಕ್ಷೆ ಎಂಜಿನ್ನಿನದು. ಎಂಟು ಮಿಲಿಮೀಟರ್ ದಪ್ಪದ ಸ್ಪಾರ್ಕ್‌ಪ್ಲಗ್ ವೈರು ಈ ಅಳತೆಯಲ್ಲಿ 0.32 ಮಿಲಿಮೀಟರ್. ಮ್ಯಾಗ್ನೆಟೊಗೆ ಸೂಜಿಮೊನೆಯಷ್ಟು ತೂತು ಕೊರೆದು ಅಂಥ ಎಂಟೆಂಟು ಎಳೆಗಳನ್ನು ಸರಿಯಾದ ಸಿಲಿಂಡರುಗಳಿಗೆ ಮುಟ್ಟಿಸಬೇಕು. ಇಂಧನದ ಪೈಪು, ಥ್ರಾಟಲ್ ಕೊಂಡಿ, ಬ್ಲೋವರ್ ಬೆಲ್ಟು, ಮಡಚಿ ಕಟ್ಟಿದ ಪ್ಯಾರಾಚೂಟಿನ ಬಟ್ಟೆ ಎಲ್ಲವೂ ಅದರದರ ಜಾಗದಲ್ಲಿ ಇರಬೇಕು. ಕಿಟ್‌ನ ಚಾಸಿ ಒಪ್ಪಿಗೆಯಾಗದವರು ಹಿತ್ತಾಳೆಯ ಸಣ್ಣ ಕೊಳವೆಗಳನ್ನು ಬಗ್ಗಿಸಿ ಬೆಸುಗೆ ಹಾಕಿ ತಾವೇ ಕಟ್ಟುತ್ತಾರೆ. ಆ ಕಾಲದ ಪ್ರೀತಿಯ ಬಣ್ಣ ಕ್ಯಾಂಡಿ: ಬೆಳ್ಳಿ ಅಥವಾ ಚಿನ್ನದ ತಳದ ಮೇಲೆ ಪಾರದರ್ಶಕ ಕೆಂಪೋ ನೀಲಿಯೋ ಪದರಪದರವಾಗಿ ಹೊಡೆದಾಗ ಗಾಜಿನ ಬಳೆಯ ಹಿಂದೆ ದೀಪ ಇಟ್ಟಂತೆ ಒಳಗಿನಿಂದ ಬೆಳಗುತ್ತದೆ. ಪದರ ಒಂದು ಕಡೆ ದಪ್ಪವಾದರೆ ಬಣ್ಣವೇ ಬೇರೆಯಾಗಿ ಕಾಣುವುದರಿಂದ ಕೈ ಒಂದೇ ಹದದಲ್ಲಿ ಓಡಬೇಕು. ಕೊನೆಗೆ ಹೆಸರು, ಸಂಖ್ಯೆ, ಜಾಹೀರಾತುಗಳ ಡೀಕ್ಯಾಲ್‌ಗಳನ್ನು ನೀರಲ್ಲಿ ನೆನೆಸಿ ಕೂರಿಸಿ, ಮೇಲೆ ಕ್ಲಿಯರ್ ಕೋಟ್.

ಕೈಚಳಕಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಇದು ಯಾವ ದಿನದ ಕಾರು? ಪಂದ್ಯದ ಕಾರು ವಾರದಿಂದ ವಾರಕ್ಕೆ ಬದಲಾಗುತ್ತಿತ್ತು. ಒಂದು ಊರಿನಲ್ಲಿ ಓಡಿದ ಚಕ್ರ ಮುಂದಿನ ಊರಿನಲ್ಲಿ ಇರುತ್ತಿರಲಿಲ್ಲ. ಹೊಸ ಸ್ಟಿಕ್ಕರು ಸೇರುತ್ತಿತ್ತು, ಗಾಳಿ ಸೆಳೆಯುವ ಸ್ಕೂಪಿನ ಆಕಾರ ಮಾರ್ಪಾಡಾಗುತ್ತಿತ್ತು. ಶ್ರದ್ಧೆಯುಳ್ಳವರು ಹಳೆಯ ಪತ್ರಿಕೆಗಳನ್ನು, ಪ್ರೇಕ್ಷಕರು ತೆಗೆದ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿ, ಒಂದು ನಿರ್ದಿಷ್ಟ ಪಂದ್ಯದ ದಿನವನ್ನು ಆರಿಸಿಕೊಳ್ಳುತ್ತಾರೆ. ಎಡಬದಿಯ ಚಿತ್ರ ಸಿಕ್ಕು ಬಲಬದಿಯದು ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮಾದರಿ ಕಟ್ಟುವುದು ಇತಿಹಾಸ ಬರೆಯುವುದಕ್ಕೆ ಸಮನಾಗುವುದು ಇಲ್ಲಿ. ಆಧಾರ ಹುಡುಕಬೇಕು, ಒಂದರ ಜೊತೆ ಇನ್ನೊಂದನ್ನು ತಾಳೆ ನೋಡಬೇಕು, ಸಾಕ್ಷಿಯಿಲ್ಲದ್ದನ್ನು ಸೇರಿಸಬಾರದು. ಹಾಗೆ ಕಟ್ಟಿದ ಇನ್ನೂರು ಇಂಚಿನ ಡ್ರ್ಯಾಗ್‌ಸ್ಟರ್ ಮುಗಿದಾಗ ಎಂಟು ಇಂಚು, ಹೆಚ್ಚುಕಡಿಮೆ ಒಂದು ಗೇಣು.

ಸೇರುವ ಜಾಗಗಳು

ಈ ಕೆಲಸಕ್ಕೆ ಗಟ್ಟಿ ಸಮುದಾಯವಿದೆ. ಸಾಲ್ಟ್ ಲೇಕ್ ಸಿಟಿಯಲ್ಲಿ 1979ರಲ್ಲಿ ಶುರುವಾದ ಜಿಎಸ್‌ಎಲ್ ಸ್ಪರ್ಧೆ ಮಾದರಿ ಕಾರುಗಳ ಗುಣಮಟ್ಟವನ್ನೇ ಮೇಲೆತ್ತಿತು. ಒಹಾಯೋದ ಟೊಲೀಡೋದಲ್ಲಿ ಬೆಳೆದ ಎನ್‌ಎನ್‌ಎಲ್ ಕೂಟದಲ್ಲಿ ಬಹುಮಾನಕ್ಕಿಂತ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಕಲಿಯುವುದಕ್ಕೆ ಬೆಲೆ. ನಿಜವಾದ ಕಾರುಗಳನ್ನು ಉಳಿಸುವ ಕೆಲಸವೂ ಜೊತೆಜೊತೆಗೆ ಸಾಗಿದೆ. ಪೊಮೋನಾದಲ್ಲಿ ವಾಲಿ ಪಾರ್ಕ್ಸ್ ಹೆಸರಿನ ವಸ್ತುಸಂಗ್ರಹಾಲಯವಿದೆ, ಫ್ಲಾರಿಡಾದ ಒಕಾಲಾದಲ್ಲಿ ಗಾರ್ಲಿಟ್ಸ್ ಕಟ್ಟಿದ್ದಿದೆ. ಬೇಕರ್ಸ್‌ಫೀಲ್ಡ್ ಬಳಿಯ ಫಮೋಸೋ ಅಂಗಳದಲ್ಲಿ 1959ರಲ್ಲಿ ಶುರುವಾದ ‘ಮಾರ್ಚ್ ಮೀಟ್’ ಈಗ ಹಳೆಯ ಬಗೆಯ ಕಾರುಗಳ ಹಬ್ಬ. ಅದೇ ಅಂಗಳದ ‘ಕ್ಯಾಕಲ್‌ಫೆಸ್ಟ್’ನಲ್ಲಿ ದುರಸ್ತಿಗೊಂಡ ಡ್ರ್ಯಾಗ್‌ಸ್ಟರ್‌ಗಳನ್ನು ಹಿಂದಿನ ರೂಢಿಯಂತೆ ಇನ್ನೊಂದು ಬಂಡಿಯಿಂದ ತಳ್ಳಿ ಚಾಲೂ ಮಾಡಿ, ಕತ್ತಲಲ್ಲಿ ಸಾಲಾಗಿ ಜ್ವಾಲೆ ಉಗುಳಿಸುತ್ತಾರೆ.

ಕಿಟ್‌ಗಳೂ ಸತ್ತಿಲ್ಲ. ಎಎಂಟಿ, ಎಂಪಿಸಿ ಹೆಸರುಗಳು ಈಗ ಇಂಡಿಯಾನಾದ ರೌಂಡ್ 2 ಕಂಪನಿಯ ಬಳಿ ಇವೆ. ಹಳೆಯ ಅಚ್ಚುಗಳಿಂದ ಕಿಟ್‌ಗಳು ಮತ್ತೆ ಹೊರಬರುತ್ತಿವೆ. ಯಾವ ಕಂಪನಿಯೂ ಅಚ್ಚು ಹಾಕದ ಬಿಡಿಭಾಗಗಳನ್ನು ತರುಣರು ಕಂಪ್ಯೂಟರಿನಲ್ಲಿ ಬರೆದು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುತ್ತಿದ್ದಾರೆ. ಆ ಪಂದ್ಯಗಳನ್ನು ಕಣ್ಣಾರೆ ನೋಡಿದ ಹಿರಿಯರ ನೆನಪು, ಅಳತೆ ಬಲ್ಲ ಕಿರಿಯರ ಕೈ ಇಲ್ಲಿ ಒಂದೇ ಮೇಜಿಗೆ ಬಂದಿವೆ. ಹೊಸಬರು ಶುರುಮಾಡಲು ದೊಡ್ಡ ಸಿದ್ಧತೆ ಬೇಕಿಲ್ಲ: ಒಂದು ಸರಳ ಕಿಟ್, ಕಟ್ಟರ್, ಚಿಮುಟ, ಅಂಟು, ವಾಟರ್ ಪೇಪರ್ ಮತ್ತು ಕಟ್ಟಲಿರುವ ಕಾರಿನ ಒಂದು ಒಳ್ಳೆಯ ಹಳೆಯ ಛಾಯಾಚಿತ್ರ. ಮೊದಲು ಆ ಚಿತ್ರವನ್ನು ಸಾವಧಾನವಾಗಿ ನೋಡಿ. ಯಾವ ಕೊಳವೆ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ, ಯಾಕೆ ಅಲ್ಲೇ ಸೇರಬೇಕು ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರ ಸಿಕ್ಕಾಗ, ಗುಜರಿಯ ಬ್ಲೋವರನ್ನು ಕಾರಿನ ಎಂಜಿನ್ನಿಗೆ ಕೂರಿಸಿದ ಹುಡುಗನ ತಲೆಯಲ್ಲಿ ಏನು ಓಡಿತ್ತು ಎಂಬುದು ನಿಮಗೂ ಅರ್ಥವಾಗಿರುತ್ತದೆ. ಈ ಕಸುಬು ಉಳಿಸಿಕೊಂಡು ಬಂದಿರುವುದು ಆ ತಿಳಿವಳಿಕೆಯನ್ನು.